ಎಲ್ಲರೂ ನಕ್ಕ ಸೀನಿಗೆ ನಾನು ಅತ್ತೆ, ಮೇಷ್ಟ್ರು ಆ ಸಾಲನ್ನೇ ಹೊಡೆದು ಹಾಕಿದರು

ಕೊನೆಬೆಂಚು (ಬಟವಾಡಿ, ತುಮಕೂರು):
ಎಲ್ಲರಿಗೂ ನಮಸ್ಕಾರ. ಬಿ.ಎ. ಎರಡನೇ ವರ್ಷ. ಕಾಲೇಜಿನ ಹೆಸರು ಬೇಡ. ಈ ಸಲ ಸಿನಿಮಾ ಬಗ್ಗೆ ಒಂದು ಪೇಪರ್ ತಗೊಂಡಿದ್ದೇನೆ. ನಿಜ ಹೇಳಬೇಕಂದರೆ ಸುಮ್ನೆ ಸಿನಿಮಾ ನೋಡಿಕೊಂಡು ಪಾಸಾಗಬಹುದು ಅಂತಲೇ ತಗೊಂಡಿದ್ದು. ಐದು ಸಿನಿಮಾ ತೋರಿಸಿದರು: ಘಟಶ್ರಾದ್ಧ, ಜಪಾನಿನ ರಾಶೋಮನ್, ಇಟಲಿಯ ಬೈಸಿಕಲ್ ಥೀವ್ಸ್, ಪುಷ್ಪಕ ವಿಮಾನ, ತಿಥಿ. ಒಂದೊಂದಕ್ಕೂ ಎರಡು ಪುಟ ಬರೆಯಬೇಕು, ನಿಮಗೆ ಏನನ್ನಿಸಿತು ಮತ್ತು ಅದರಲ್ಲಿ ಯಾವ ತಂತ್ರ ಬಳಸಿದ್ದಾರೆ ಅಂತ.

ನಾಲ್ಕು ಹೇಗೋ ಆಯಿತು. ಎಡವಟ್ಟು ಆಗಿದ್ದು ಪುಷ್ಪಕ ವಿಮಾನದಲ್ಲಿ. ಮಾತೇ ಇಲ್ಲದ ಸಿನಿಮಾ, ಗೊತ್ತಲ್ವಾ. ಕೆಲಸ ಇಲ್ಲದ ಹುಡುಗ ಒಂದು ದೊಡ್ಡ ಹೋಟೆಲಿಗೆ ಬಂದು ಸೇರಿಕೊಳ್ಳುತ್ತಾನೆ. ಮೆತ್ತನೆ ಹಾಸಿಗೆ, ಎ.ಸಿ., ಎಲ್ಲ ಇದೆ. ಆದರೆ ನಿದ್ದೆ ಬರುವುದಿಲ್ಲ. ಯಾಕಂದರೆ ಅವನ ಹಳೇ ರೂಮಿನ ಪಕ್ಕದಲ್ಲಿ ಟಾಕೀಸು, ರಾತ್ರಿಯಿಡೀ ಢಿಶುಂ ಢಿಶುಂ ಗಲಾಟೆ. ಅದನ್ನ ಕೇಳಿಕೊಂಡೇ ಮಲಗಿ ಅಭ್ಯಾಸ. ಕೊನೆಗೆ ಅಲ್ಲಿಗೇ ಹೋಗಿ ಆ ಗಲಾಟೆಯನ್ನ ಟೇಪಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಹೋಟೆಲಿನಲ್ಲಿ ಹಾಕಿಕೊಂಡು ಮಲಗುತ್ತಾನೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ನನಗೇ ಗೊತ್ತಾಗಲಿಲ್ಲ.

ಅಸೈನ್‌ಮೆಂಟಿನಲ್ಲಿ ಅದನ್ನೇ ಬರೆದೆ. "ಈ ದೃಶ್ಯಕ್ಕೆ ನಾನು ಅತ್ತೆ" ಅಂತ. ಮೇಷ್ಟ್ರು ಕೆಂಪು ಇಂಕಿನಲ್ಲಿ ಗೀಟು ಎಳೆದು ಪಕ್ಕದಲ್ಲಿ ಬರೆದಿದ್ದಾರೆ: ವೈಯಕ್ತಿಕ ವಿಷಯ ಬೇಡ, ತಂತ್ರ ಬರೆಯಿರಿ, ಇದು ಹಾಸ್ಯ ದೃಶ್ಯ. 25ಕ್ಕೆ 11. ತಿದ್ದಿ ಕೊಡಲು ಒಂದು ವಾರ ಟೈಮ್ ಕೊಟ್ಟಿದ್ದಾರೆ.

ಅನ್ನಿಸಿದ್ದನ್ನ ಬರೆಯಬೇಕಾ, ತಂತ್ರ ಬರೆಯಬೇಕಾ? ಇನ್ನೊಂದು ಸಮಸ್ಯೆ ಏನೆಂದರೆ, ಈ ತಂತ್ರ ಎಲ್ಲ ಕಲಿತ ಮೇಲೆ ಯಾವ ಸಿನಿಮಾ ನೋಡಿದರೂ ಕಟ್ ಎಣಿಸುತ್ತಾ ಕೂರುತ್ತೇನೆ. ಮೊದಲಿನ ಮಜಾ ಇಲ್ಲ. ನಿಮಗೂ ಹೀಗೆ ಆಗಿದೆಯಾ?

ಶಿರಾಗೇಟ್:
ಸಿನಿಮಾ ನೋಡಿದ್ದಕ್ಕೆ ಮಾರ್ಕ್ಸ್ ಬೇರೆ. ನಾವು ಸಿನಿಮಾಕ್ಕೆ ಹೋದರೆ ಅಪ್ಪ ಬೆಲ್ಟ್ ಬಿಚ್ಚುತ್ತಿದ್ದರು.

ತಟ್ಟೆಇಡ್ಲಿ:
ಗುರು, ಮೇಷ್ಟ್ರಿಗೆ ಬೇಕಾದ್ದು ಬರೆದು ಮಾರ್ಕ್ಸ್ ತಗೋ. ಅಳುವುದನ್ನ ಇಲ್ಲಿ ಬರಿ. ಮುಗೀತು. ಅಂದ ಹಾಗೆ ಅದು ಮೂಕಿ ಚಿತ್ರ, ಅದರಲ್ಲಿ ಸೌಂಡ್ ಬಗ್ಗೆ ಏನು ಬರೆಯುವುದು?

ಕತ್ತರಿ (ಕ್ಯಾತ್ಸಂದ್ರ):
ತಟ್ಟೆಇಡ್ಲಿ ಅವರೇ, ಮೂಕಿ ಅಲ್ಲ. ಮಾತಿಲ್ಲ ಅಷ್ಟೇ. ಬಾಗಿಲು, ಬಕೆಟ್ಟು, ಟ್ರಾಫಿಕ್ಕು, ಟಾಕೀಸಿನ ಗಲಾಟೆ ಎಲ್ಲ ಕೇಳುತ್ತದೆ. ಎಲ್. ವೈದ್ಯನಾಥನ್ ಸಂಗೀತ ಬೇರೆ ಇದೆ. 1987ರ ಸಿನಿಮಾ, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಕ್ಯಾಮೆರಾ ನಮ್ಮ ಬಿ.ಸಿ. ಗೌರಿಶಂಕರ್. ಮಾತು ತೆಗೆದ ಮೇಲೆ ಕಿವಿಗೆ ಕೆಲಸ ಜಾಸ್ತಿ ಆಗುತ್ತದೆ, ಕಡಿಮೆ ಅಲ್ಲ. ಆ ಟೇಪ್ ಸೀನ್ ಇಡೀ ನಿಂತಿರುವುದೇ ಸೌಂಡ್ ಮೇಲೆ.

ತಟ್ಟೆಇಡ್ಲಿ:
ಸರಿ ಸ್ವಾಮಿ, ತಪ್ಪಾಯಿತು. ನಾನು ಟಿ.ವಿ.ಯಲ್ಲಿ ನೋಡಿದ್ದು, ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು.

ಟೀಚರಮ್ಮ (ಕೋಲಾರ):
ನಾನೂ ಪಾಠ ಮಾಡುವವಳು, ಹಾಗಾಗಿ ನಿಮ್ಮ ಮೇಷ್ಟ್ರ ಪರ ಎರಡು ಮಾತು. ಅರವತ್ತು ಜನ ಮಕ್ಕಳ ಪೇಪರ್ ತಿದ್ದುವಾಗ ನಲವತ್ತು ಜನ "ಈ ಚಿತ್ರ ನನ್ನ ಮನಸ್ಸಿಗೆ ತುಂಬಾ ನಾಟಿತು" ಅಂತ ಬರೆದಿರುತ್ತಾರೆ. ಅರ್ಧ ಜನ ನೋಡಿಯೇ ಇರುವುದಿಲ್ಲ. ಆ ಸಾಲು ಕಂಡರೆ ಕೈ ತಾನಾಗೇ ಗೀಟು ಎಳೆಯುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಅವರು ಎಡವಿದ್ದಾರೆ ಅನ್ನಿಸುತ್ತದೆ. ಎಲ್ಲರೂ ನಗುವಾಗ ಒಬ್ಬ ಹುಡುಗ ಅತ್ತ ಅಂದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಇದೆ. ನಾನಾಗಿದ್ದರೆ ಗೀಟು ಎಳೆಯುತ್ತಿರಲಿಲ್ಲ, "ಎಲ್ಲಿ?" ಅಂತ ಬರೆಯುತ್ತಿದ್ದೆ. ಅತ್ತೆ ಅಂದರೆ ಸಾಲದು ಮಗು. ಯಾವ ಶಾಟಿಗೆ? ಅವನು ಹಾಸಿಗೆ ಮೇಲೆ ಹೊರಳಾಡುವಾಗಲಾ, ಟಾಕೀಸಿನ ಹತ್ತಿರ ರೆಕಾರ್ಡ್ ಮಾಡುವಾಗಲಾ, ಅಥವಾ ಕೊನೆಗೆ ನಿದ್ದೆ ಬಂದಾಗಲಾ? ಅದನ್ನ ಹಿಡಿದರೆ ತಂತ್ರ ಅದರ ಪಕ್ಕದಲ್ಲೇ ಇರುತ್ತದೆ. ಬೇರೆ ಹುಡುಕಬೇಕಿಲ್ಲ.

ಕೊನೆಬೆಂಚು:
ಮೇಡಂ, ಥ್ಯಾಂಕ್ಸ್. ಎಲ್ಲಿ ಅಂತ ಯೋಚನೆ ಮಾಡಿರಲಿಲ್ಲ. ಮತ್ತೆ ನೋಡುತ್ತೇನೆ.

ಮಧುಗಿರಿಬೆಟ್ಟ:
ನನಗಂತೂ ಈ ತಂತ್ರದ ಮಾತೇ ಆಗುವುದಿಲ್ಲ. ಹೋಳಿಗೆ ತಿನ್ನುವಾಗ ಕಣಕಕ್ಕೆ ಎಷ್ಟು ಎಣ್ಣೆ ಹಾಕಿದ್ರಿ ಅಂತ ಕೇಳುತ್ತಾ ಕೂತರೆ ಹೋಳಿಗೆ ತಣ್ಣಗಾಗುತ್ತದೆ. ನೋಡಬೇಕು, ಖುಷಿ ಪಡಬೇಕು, ಎದ್ದು ಬರಬೇಕು.

ಕತ್ತರಿ:
ಹೋಳಿಗೆ ಮಾಡುವವರು ಕೇಳಲೇಬೇಕಲ್ವಾ ಬೆಟ್ಟ ಅಣ್ಣ.

ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು, ಹದಿನಾಲ್ಕು ವರ್ಷ ಆಯಿತು. ಒಂದು ಕಥೆ ಹೇಳುತ್ತೇನೆ. ಕುಣಿಗಲ್ ಕಡೆಯ ಒಂದು ಮದುವೆ. ಹೆಣ್ಣು ಒಪ್ಪಿಸುವ ಶಾಸ್ತ್ರ ನಡೆಯುತ್ತಿದೆ, ಹುಡುಗಿ ಅಳುತ್ತಿದ್ದಾಳೆ, ಅಪ್ಪ ಅಳುತ್ತಿದ್ದಾರೆ, ಅಮ್ಮ ಮಾತ್ರ ಕಾಣುತ್ತಿಲ್ಲ. ಎಲ್ಲಿ ಅಂದರೆ ಉಗ್ರಾಣದಲ್ಲಿ. ತಾಂಬೂಲದ ಚೀಲ ಇಪ್ಪತ್ತು ಕಡಿಮೆ ಬಿದ್ದಿದೆ ಅಂತ ಅಲ್ಲಿ ಜಗಳ. ಶಾಸ್ತ್ರ ಮುಗಿಯುವ ಹೊತ್ತಿಗೆ ಓಡಿ ಬಂದರು, ನಮ್ಮ ಕ್ಯಾಮೆರಾ ಹುಡುಗ ಅಷ್ಟರಲ್ಲಿ ಬ್ಯಾಟರಿ ಬದಲಾಯಿಸುತ್ತಿದ್ದ.

ಎಡಿಟಿಂಗಿಗೆ ಕೂತೆ. ಅಮ್ಮನ ಶಾಟೇ ಇಲ್ಲದೆ ಹೆಣ್ಣು ಒಪ್ಪಿಸುವುದು ಹೇಗೆ? ಹುಡುಕಿದೆ. ಬೆಳಿಗ್ಗೆ ಹೋಮದ ಹೊತ್ತಿನಲ್ಲಿ ಆಯಮ್ಮನ ಒಂದು ಕ್ಲೋಸಪ್ ಸಿಕ್ಕಿತು. ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ, ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಾರೆ. ಹಿಂದುಗಡೆ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ತಗೊಂಡು ಹುಡುಗಿಯ ಶಾಟ್ ಆದ ಮೇಲೆ ಸೇರಿಸಿದೆ. ನಾಲ್ಕು ಸೆಕೆಂಡ್. ಡಿ.ವಿ.ಡಿ. ಕೊಡಲು ಹೋದಾಗ ಮನೆಯವರೆಲ್ಲ ಕೂತು ನೋಡಿದರು. ಆ ಶಾಟ್ ಬಂದಾಗ ಆಯಮ್ಮ ಮತ್ತೆ ಅತ್ತರು. "ನೋಡಿ, ಅವತ್ತು ಎಷ್ಟು ಅತ್ತಿದ್ದೆ" ಅಂತ ಪಕ್ಕದವರಿಗೆ ತೋರಿಸಿದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಕೊನೆಬೆಂಚು:
ಅಣ್ಣಾ, ಇದು ನಮಗೆ ಕ್ಲಾಸಿನಲ್ಲಿ ಹೇಳಿದ ಕುಲೆಶೋವ್ ಪ್ರಯೋಗ! ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವವರು ಮಾಡಿದ್ದು. ಮೊಝುಖಿನ್ ಅನ್ನುವ ನಟನ ಒಂದೇ ಮುಖ. ಅದಕ್ಕೆ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಂಗಸಿನ ಶಾಟ್ ಸೇರಿಸಿದರು. ನೋಡಿದವರಿಗೆ ಹಸಿವು, ದುಃಖ, ಆಸೆ ಅಂತ ಬೇರೆ ಬೇರೆ ಕಂಡಿತು. ಮುಖ ಅದೇ.

ಕತ್ತರಿ:
ಹೆಸರು ಈಗ ಗೊತ್ತಾಯಿತು. ನಾವು ಇದನ್ನ "ತೇಪೆ" ಅನ್ನುತ್ತೇವೆ.

ಹಿಪ್ಪುನೇರಳೆ (ಶಿಡ್ಲಘಟ್ಟ):
ಇದು ಮೋಸ ಅಲ್ವಾ? ಆ ತಾಯಿ ಅತ್ತಿದ್ದು ಹೊಗೆಗೆ. ನಾಳೆ ಆ ಹುಡುಗಿ ಮಕ್ಕಳಿಗೆ ತೋರಿಸಿ "ನಮ್ಮಮ್ಮ ನನ್ನ ಕಳಿಸುವಾಗ ಹೀಗೆ ಅತ್ತರು" ಅನ್ನುತ್ತಾಳೆ. ಸುಳ್ಳು ಮುಂದಿನ ತಲೆಮಾರಿಗೂ ಹೋಯಿತು.

ಕತ್ತರಿ:
ಮೋಸ ಹೇಗೆ ಆಗುತ್ತದೆ? ಆಯಮ್ಮನಿಗೆ ಅಳು ಇತ್ತು, ಪುರುಸೊತ್ತು ಇರಲಿಲ್ಲ.

ಟೀಚರಮ್ಮ:
ಈ ಒಂದು ಸಾಲನ್ನ ಕ್ಲಾಸಿನಲ್ಲಿ ಹೇಳುತ್ತೇನೆ, ಅನುಮತಿ ಕೊಡಿ.

ಹಿಪ್ಪುನೇರಳೆ:
ಸರಿ, ಮದುವೆ ಮನೆಯಲ್ಲಿ ಓಕೆ. ಇದನ್ನೇ ನ್ಯೂಸ್ ಚಾನೆಲ್‌ನವರು ಮಾಡಿದರೆ? ಯಾರೋ ಸುಮ್ನೆ ಕೂತಿರುವ ಮುಖ ತೋರಿಸಿ ಪಕ್ಕದಲ್ಲಿ ಬೆಂಕಿ ತೋರಿಸಿದರೆ? ಆಗಲೂ ತೇಪೆ ಅಂತೀರಾ? ನನ್ನ ತಕರಾರು ಇರುವುದು ಅಲ್ಲಿ.

ಕತ್ತರಿ:
ಅದಕ್ಕೇ ಹೇಳಿದ್ದು, ತೇಪೆ ಹೇಗೆ ಹಾಕುತ್ತಾರೆ ಅಂತ ನೋಡುವವರಿಗೂ ಗೊತ್ತಿರಬೇಕು. ಬೆಟ್ಟ ಅಣ್ಣ ಓದಿದಿರಾ?

ಮಧುಗಿರಿಬೆಟ್ಟ:
ಓದಿದೆ. ಹೋಳಿಗೆ ಇನ್ನೂ ತಣ್ಣಗೇ ಇದೆ.

ರೀಲುಡಬ್ಬ (ಕೊರಟಗೆರೆ):
ಮಕ್ಕಳೇ, ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನಾನು 1978ರಿಂದ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ, ಆಮೇಲೆ ಟೌನಿನ ಟಾಕೀಸಿನಲ್ಲಿ. "ನಮೋ ವೆಂಕಟೇಶ" ಹಾಡು ಹಾಕಿದರೆ ಸಾಕು, ಸುತ್ತಲಿನ ಊರಿಗೆಲ್ಲ ಷೋ ಶುರು ಅಂತ ಗೊತ್ತಾಗುತ್ತಿತ್ತು. ಜನ ಗದ್ದೆ ಬದುವಿನ ಮೇಲೆ ಓಡಿ ಬರುತ್ತಿದ್ದರು. ನೆಲದ ಟಿಕೆಟ್‌ನವರಿಗೆ ಮರಳು. ಮರಳನ್ನ ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರುವುದು, ಹಿಂದಿನವರು ಬೈಯುವುದು.

ನಮ್ಮದು ಒಂದೇ ಮಷೀನು. ರೀಲು ಮುಗಿದರೆ ಲೈಟ್ ಹಾಕಿ ಇನ್ನೊಂದು ಏರಿಸಬೇಕು. ಸಾವಿರ ಅಡಿಯ ರೀಲು ಅಂದರೆ ಸುಮಾರು ಹನ್ನೊಂದು ನಿಮಿಷ ಓಡುತ್ತದೆ. ಎರಡೆರಡು ಸೇರಿಸಿ ಸುತ್ತುತ್ತಿದ್ದೆವು. ಟೌನಿಗೆ ಬಂದಾಗ ಎರಡು ಮಷೀನು. ಆಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಅದು ಬಂದ ಕೂಡಲೇ ಎರಡನೇ ಮಷೀನಿನ ಮೋಟಾರ್ ಹಾಕಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ, ಆಗ ಬದಲಾಯಿಸಬೇಕು. ನೀವೆಲ್ಲ ನಾಯಕಿಯ ಮುಖ ನೋಡುವಾಗ ನಾನು ಹದಿನೈದು ವರ್ಷ ಮೂಲೆಯ ಚುಕ್ಕೆ ನೋಡಿದೆ.

ಒಂದು ಸಲ ಜ್ವರದಲ್ಲಿ ಎಂಟನೇ ರೀಲು ಬಿಟ್ಟು ಒಂಬತ್ತು ಹಾಕಿದೆ, ಆಮೇಲೆ ಎಂಟು ಹಾಕಿದೆ. ಒಂಬತ್ತರಲ್ಲಿ ಅಪ್ಪನ ತಿಥಿ ಆಗುತ್ತದೆ. ಎಂಟರಲ್ಲಿ ಅಪ್ಪ ಬದುಕಿದ್ದಾರೆ, ಮಗನಿಗೆ ಬುದ್ಧಿ ಹೇಳುತ್ತಾರೆ. ಜನ ಬೈಯುತ್ತಾರೆ ಅಂತ ಕ್ಯಾಬಿನ್ ಚಿಲಕ ಹಾಕಿಕೊಂಡು ಕೂತೆ. ಬೈಯುವುದಿರಲಿ, ಅಪ್ಪ ತೆರೆ ಮೇಲೆ ಬಂದ ಕೂಡಲೇ ಶಿಳ್ಳೆಯೋ ಶಿಳ್ಳೆ. ಸತ್ತವನು ಬದುಕಿ ಬಂದ ಅಂತ. ಷೋ ಬಿಟ್ಟ ಮೇಲೆ ಒಬ್ಬ ಮುದುಕಿ ನನ್ನ ಹತ್ತಿರ ಬಂದು, "ಆಯಪ್ಪನ್ನ ವಾಪಸ್ ಕರೆಸಿದ್ದು ಒಳ್ಳೇದಾಯ್ತು ಕಣಪ್ಪ" ಅಂದಳು. ಮಾರನೇ ದಿನ ಸರಿಯಾಗಿ ಹಾಕಿದೆ. ಅವತ್ತು ಯಾರೂ ಶಿಳ್ಳೆ ಹೊಡೆಯಲಿಲ್ಲ.

ಇನ್ನೊಂದು ಮಾತು. ಸೆಕೆಂಡಿಗೆ 24 ಚಿತ್ರ ಓಡುತ್ತವೆ, ಮಧ್ಯೆ ಮಧ್ಯೆ ಮಷೀನಿನ ರೆಕ್ಕೆ ಅಡ್ಡ ಬಂದು ಬೆಳಕು ಮುಚ್ಚುತ್ತದೆ. ಅಂದರೆ ನೀವು ಎರಡೂವರೆ ಗಂಟೆ ಸಿನಿಮಾ ನೋಡಿದರೆ ಹತ್ತಿರ ಹತ್ತಿರ ಅರ್ಧ ಹೊತ್ತು ಬರೀ ಕತ್ತಲು ನೋಡಿರುತ್ತೀರಿ. ಇದನ್ನ ತಿಳಿದ ಮೇಲೂ ನಾನು ಮಷೀನಿನ ದೀಪದ ಕಾರ್ಬನ್ ಕಡ್ಡಿ ಸರಿ ಮಾಡುತ್ತಾ ಎಷ್ಟೋ ಸಲ ಅತ್ತಿದ್ದೇನೆ. ಒಂದೇ ಸಿನಿಮಾಕ್ಕೆ, ಐವತ್ತು ದಿನ, ದಿನಕ್ಕೆ ನಾಲ್ಕು ಸಲ.

ಕೊನೆಬೆಂಚು:
ತಾತ, ಕೊನೇ ಸಾಲಿಗೆ ಏನು ಹೇಳಲಿ. ಐವತ್ತು ದಿನವೂ ಅದೇ ಜಾಗದಲ್ಲಿ ಅಳು ಬರುತ್ತಿತ್ತಾ?

ರೀಲುಡಬ್ಬ:
ಮೊದಲ ವಾರ ಅದೇ ಜಾಗ. ಆಮೇಲೆ ಅದಕ್ಕಿಂತ ಸ್ವಲ್ಪ ಮುಂಚೆಯೇ ಬರುತ್ತಿತ್ತು. ಏನಾಗುತ್ತದೆ ಅಂತ ಗೊತ್ತಲ್ಲ.

ಟೀಚರಮ್ಮ:
ಕೊನೆಬೆಂಚು, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ.

ಶಿರಾಗೇಟ್:
ತಾತ, ಆವಾಗ ಹಾಡು ಕಟ್ ಮಾಡುತ್ತಿದ್ದದ್ದೂ ನೀವೇನಾ? ನಮ್ಮೂರಿನಲ್ಲಿ ಡ್ಯುಯೆಟ್ ಬರುವ ಹೊತ್ತಿಗೆ ನೇರ ಕ್ಲೈಮ್ಯಾಕ್ಸ್ ಬರುತ್ತಿತ್ತು.

ರೀಲುಡಬ್ಬ:
ಕೊನೇ ಬಸ್ಸಿನ ಟೈಮಿಗೆ ಸಿನಿಮಾ ಮುಗಿಯಬೇಕಪ್ಪ. ಓನರ್ ಹೇಳುತ್ತಿದ್ದರು, ನಾನು ಒಂದು ಹಾಡು ಬಿಡುತ್ತಿದ್ದೆ. ಡ್ರೈವರ್ ನಮ್ಮ ಸ್ನೇಹಿತ, ಕೆಲವು ಸಲ ಹಾಡು ಮುಗಿಯುವ ತನಕ ಬಸ್ ನಿಲ್ಲಿಸುತ್ತಿದ್ದ.

ಸೈನೈಡ್‌ದಿಬ್ಬ (ಕೆ.ಜಿ.ಎಫ್.):
ತಂತ್ರ ಅಂತ ಮಾತು ಬಂದಿದ್ದಕ್ಕೆ ನನ್ನ ಹಳೇ ಹೊಟ್ಟೆಯುರಿ. ನಾನು ಹುಟ್ಟಿದ್ದು ಕೆ.ಜಿ.ಎಫ್.ನಲ್ಲಿ, ನಮ್ಮ ತಾತ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ನಮ್ಮೂರ ಹೆಸರಿನ ಸಿನಿಮಾ 2018ರಲ್ಲಿ ಬಂತು, 2022ರಲ್ಲಿ ಎರಡನೆಯದು. ಊರಿಗೆ ಊರೇ ಹೋಗಿ ನೋಡಿತು. ಆದರೆ ಅದರಲ್ಲಿ ಎಲ್ಲ ಕಪ್ಪು, ಬೂದಿ, ಮಸಿ. ನಮ್ಮ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ, ಕಪ್ಪಲ್ಲ ಸಾರ್. ಮಾಸಲು ಬಿಳಿ, ಸಂಜೆ ಬಿಸಿಲಿಗೆ ಹಳದಿ. ಗಾಳಿ ಬೀಸಿದರೆ ಒಣಗಲು ಹಾಕಿದ ಬಟ್ಟೆ ಮೇಲೆಲ್ಲ ಆ ಪುಡಿ. ಶೂಟಿಂಗಿಗೆ ನಮ್ಮ ದಿಬ್ಬಕ್ಕೇ ಬಂದು, ಅದರ ಬಣ್ಣ ತೆಗೆದು ಹಾಕಿದರು. ಈಗ ಹೊರಗಿನಿಂದ ಬಂದವರು ದಿಬ್ಬ ನೋಡಿ "ಇದೇನಾ? ಬೆಳ್ಳಗಿದೆಯಲ್ಲ" ಅಂತ ನಮಗೇ ಹೇಳುತ್ತಾರೆ.

ಕತ್ತರಿ:
ಗ್ರೇಡಿಂಗ್‌ನಲ್ಲಿ, ಅಂದರೆ ಶೂಟಿಂಗ್ ಆದ ಮೇಲೆ ಬಣ್ಣ ತಿದ್ದುವಾಗ, ಮಾಡಿರುತ್ತಾರೆ ಅಣ್ಣ. ಬಣ್ಣ ಕಡಿಮೆ ಮಾಡಿ ಕಪ್ಪು ಹೆಚ್ಚಿಸಿದರೆ ಜಾಗ ದೊಡ್ಡದಾಗಿ, ಭಯ ಆಗುವ ಹಾಗೆ ಕಾಣುತ್ತದೆ. ಅದರ ಎಡಿಟಿಂಗ್ ಕೂಡ ಹಾಗೇ ಅಲ್ವಾ, ಕಣ್ಣು ಮಿಟುಕಿಸಿದ ಹಾಗೆ ಮಧ್ಯೆ ಮಧ್ಯೆ ಕಪ್ಪು ಬರುತ್ತದೆ. ಬಿಳಿ ದಿಬ್ಬದ ಮಧ್ಯೆ ಆ ಕಪ್ಪು ಕಟ್ ಹಾಕಿದ್ದರೆ ಕಣ್ಣು ನೋಯುತ್ತಿತ್ತು.

ಸೈನೈಡ್‌ದಿಬ್ಬ:
ಕಾರಣ ಒಪ್ಪಿದೆ. ಹೊಟ್ಟೆಯುರಿ ಹೋಗಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಅದಾದ ಮೇಲೆ ನಮ್ಮೂರಿನವರು ಬೆಳಿಗ್ಗೆ ಸ್ವರ್ಣ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಆ ರೈಲಿನ ಸಿನಿಮಾ ಯಾರೂ ಮಾಡಲಿಲ್ಲ.

ತಟ್ಟೆಇಡ್ಲಿ:
ಹೀರೋ ಸೀಟು ಹಿಡಿಯುವುದರಲ್ಲೇ ಇಂಟರ್‌ವಲ್ ಬರುತ್ತದೆ.

ಅಮಾನಿಕೆರೆ:
ಬಣ್ಣದ ಮಾತು ಬಂತು, ಹಾಗಾದರೆ ಲೂಸಿಯಾ ಹೇಳಲೇಬೇಕು. 2013. ಜನರ ಹತ್ತಿರವೇ ದುಡ್ಡು ಕೂಡಿಸಿ ಮಾಡಿದ ಸಿನಿಮಾ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ನಾವು ಏನಂದುಕೊಳ್ಳುತ್ತೇವೆ ಅಂದರೆ ಕಪ್ಪು ಬಿಳುಪು ಇರುವುದೇ ಕನಸು ಅಂತ, ಆದರೆ ಕೊನೆಯಲ್ಲಿ

ಹಿಪ್ಪುನೇರಳೆ:
ನಿಲ್ಲಿಸಿ! ನಾನು ನೋಡಿಲ್ಲ!

ಅಮಾನಿಕೆರೆ:
ಹತ್ತು ವರ್ಷದ ಮೇಲಾಯಿತು ಮೇಡಂ.

ಹಿಪ್ಪುನೇರಳೆ:
ರೇಷ್ಮೆ ಹುಳಕ್ಕೆ ನಾಲ್ಕನೇ ಜ್ವರ (ಪೊರೆ ಕಳಚುವುದು) ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯೇ ಇರುವುದಿಲ್ಲ, ಸಿನಿಮಾ ಎಲ್ಲಿಂದ? ಈ ಗೂಡು ಮಾರುಕಟ್ಟೆಗೆ ಹೋದ ಮೇಲೆ ನೋಡುತ್ತೇನೆ. ಅಲ್ಲಿ ತನಕ ಬಾಯಿ ಮುಚ್ಚಿಕೊಂಡಿರಿ.

ಮಧುಗಿರಿಬೆಟ್ಟ:
ತಂತ್ರ ತಂತ್ರ ಅಂತೀರಲ್ಲ, ಪುಟ್ಟಣ್ಣನವರು 1972ರಲ್ಲೇ ನಾಗರಹಾವಿನಲ್ಲಿ "ಬಾರೆ ಬಾರೆ" ಹಾಡನ್ನ ಇಡೀ ಸ್ಲೋ ಮೋಷನ್‌ನಲ್ಲಿ ತೆಗೆದಿದ್ದರು. ಕ್ಯಾಮೆರಾ ನಿಧಾನಕ್ಕೆ ಓಡಿಸಿದರೆ ಆಯಿತು. ಕಂಪ್ಯೂಟರ್ ಇರಲಿಲ್ಲ, ಏನಿರಲಿಲ್ಲ.

ರೀಲುಡಬ್ಬ:
ನಿಧಾನಕ್ಕೆ ಅಲ್ಲಪ್ಪ, ಜೋರಾಗಿ ಓಡಿಸಬೇಕು. ಸೆಕೆಂಡಿಗೆ 48 ಚಿತ್ರ ತೆಗೆದು 24ರಂತೆ ತೋರಿಸಿದರೆ ಅರ್ಧ ವೇಗದಲ್ಲಿ ಕಾಣುತ್ತದೆ. ನಿಧಾನ ಓಡಿಸಿದರೆ ಎಲ್ಲರೂ ಪಟಪಟ ಓಡಾಡುತ್ತಾರೆ, ಹಳೇ ಕಾಮಿಡಿ ತರಹ.

ಅಮಾನಿಕೆರೆ:
ಸೇಡು ತೀರಿತು. ತಂತ್ರ ಬೇಡ ಅಂದವರೇ ತಂತ್ರ ಹೇಳಲು ಹೋಗಿ ಬಿದ್ದರು.

ಮಧುಗಿರಿಬೆಟ್ಟ:
ಆದರೆ ಹಾಡು ಚೆನ್ನಾಗಿದೆ ಅನ್ನುವುದರಲ್ಲಿ ತಕರಾರಿಲ್ಲ ತಾನೇ? ಅಷ್ಟು ಸಾಕು ನನಗೆ.

ಗುಬ್ಬಿಗೂಡು:
ನಮ್ಮ ಜಿಲ್ಲೆಯವರಿಗೆ ತಂತ್ರ ಹೊಸದಲ್ಲ. ಗುಬ್ಬಿ ಕಂಪನಿಯ ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆ ತರುತ್ತಿದ್ದರು. ವೀರಣ್ಣನವರು ಸಿನಿಮಾಕ್ಕೂ ಕೈ ಹಾಕಿದರು. ರಾಜ್‌ಕುಮಾರ್ ನಾಯಕರಾದ ಬೇಡರ ಕಣ್ಣಪ್ಪ, 1954ರದ್ದು, ಅದರ ಹಿಂದೆಯೂ ಗುಬ್ಬಿಯವರೇ. ನರಸಿಂಹರಾಜು ತಿಪಟೂರಿನವರು, ಉಮಾಶ್ರೀ ನೊಣವಿನಕೆರೆಯವರು. ನಮ್ಮಜ್ಜಿ ಹೇಳುತ್ತಿದ್ದರು, ನಾಟಕದಲ್ಲಿ ಆನೆ ಬಂದಾಗ ಮುಂದಿನ ಸಾಲಿನವರು ಕೈ ಮುಗಿದು ಎದ್ದು ನಿಲ್ಲುತ್ತಿದ್ದರಂತೆ. ಪಾತ್ರಧಾರಿಗೆ ಅಲ್ಲ, ಆನೆಗೆ.

ಶಿರಾಗೇಟ್:
ಹುಡುಗನ ಅಸೈನ್‌ಮೆಂಟು ಎಲ್ಲಿ, ಆನೆ ಎಲ್ಲಿ.

ಟೀಚರಮ್ಮ:
ಕೊನೆಬೆಂಚು, ಉಳಿದ ನಾಲ್ಕು ಸಿನಿಮಾಕ್ಕೆ ಏನು ಬರೆದಿರಿ? ಸುಮ್ನೆ ಕುತೂಹಲ.

ಕೊನೆಬೆಂಚು:
ರಾಶೋಮನ್‌ಗೆ ಬಿಸಿಲಿನ ಬಗ್ಗೆ ಬರೆದೆ ಮೇಡಂ. 1950ರಲ್ಲಿ ಕ್ಯಾಮೆರಾವನ್ನ ನೇರ ಸೂರ್ಯನ ಕಡೆಗೆ ತಿರುಗಿಸಿದ್ದಾರೆ, ಕಾಡಿನ ಒಳಗೆ ಕನ್ನಡಿ ಇಟ್ಟು ಬಿಸಿಲು ತಂದಿದ್ದಾರೆ. ಮಳೆ ಕಾಣಲಿ ಅಂತ ನೀರಿಗೆ ಕಪ್ಪು ಶಾಯಿ ಬೆರೆಸಿದ್ದಾರೆ. ಆದರೆ ನನಗೆ ಅನ್ನಿಸಿದ್ದು, ನಾಲ್ಕು ಜನ ನಾಲ್ಕು ಕಥೆ ಹೇಳಿದರು, ನಮ್ಮೂರ ಪಂಚಾಯಿತಿ ಕಟ್ಟೆಯಲ್ಲಿ ತೆಂಗಿನ ಮರದ ಬೇಲಿ ಜಗಳಕ್ಕೆ ಏಳು ಕಥೆ ಕೇಳಿದ್ದೇನೆ ಅಂತ. ಅದನ್ನ ಬರೆಯಲಿಲ್ಲ.

ಬೈಸಿಕಲ್ ಥೀವ್ಸ್‌ಗೆ, ಅಪ್ಪನ ಪಾತ್ರ ಮಾಡಿದವರು ನಟರಲ್ಲ, ಕಾರ್ಖಾನೆ ಕೆಲಸಗಾರರು ಅಂತ ಬರೆದೆ. ತಿಥಿಗೂ ಅದನ್ನೇ ಬರೆದೆ, ಮಂಡ್ಯದ ಹಳ್ಳಿಯವರೇ ಪಾತ್ರ ಮಾಡಿದ್ದಾರೆ ಅಂತ. ಗಡ್ಡಪ್ಪ ನಡೆಯುವ ಶಾಟ್ ಎಷ್ಟು ಉದ್ದ ಅಂತ ಗಡಿಯಾರ ಹಿಡಿದು ನೋಡಿದೆ. ಘಟಶ್ರಾದ್ಧಕ್ಕೆ, ಎಲ್ಲವನ್ನೂ ಆ ಚಿಕ್ಕ ಹುಡುಗನ ಕಣ್ಣಿನಲ್ಲೇ ತೋರಿಸುತ್ತಾರೆ, ಅವನಿಗೆ ಅರ್ಥ ಆಗದ್ದು ನಮಗೆ ಅರ್ಥ ಆಗುತ್ತದೆ, ಅದೇ ಹಿಂಸೆ ಅಂತ ಬರೆದೆ. ಅದಕ್ಕೆ 19 ಬಂತು.

ಟೀಚರಮ್ಮ:
ಅದೇ ಹಿಂಸೆ ಅಂದಿರಲ್ಲ, ಅದು ವೈಯಕ್ತಿಕ ವಿಷಯವೇ. ಮೇಷ್ಟ್ರಿಗೆ ಗೊತ್ತಾಗದ ಹಾಗೆ ಒಳಗೆ ಸೇರಿಸಿದ್ದೀರಿ. ಬೇಲಿ ಜಗಳ ಬಿಟ್ಟಿದ್ದು ಮಾತ್ರ ತಪ್ಪು.

ಗುಬ್ಬಿಗೂಡು:
ಇಂಥ ಸಿನಿಮಾ ಹಳ್ಳಿಯವರಿಗೆ ಅರ್ಥ ಆಗುವುದಿಲ್ಲ ಅಂತ ಕೆಲವರು ಅನ್ನುತ್ತಾರೆ. ಹೆಗ್ಗೋಡಿನಲ್ಲಿ ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ ಎಪ್ಪತ್ತರ ದಶಕದಲ್ಲೇ ಹಳ್ಳಿಯವರಿಗೆ ರಾಶೋಮನ್, ಬೈಸಿಕಲ್ ಥೀವ್ಸ್ ತೋರಿಸಿತ್ತು. ನಮ್ಮ ತುಮಕೂರಿನಲ್ಲೂ ತಿಂಗಳಿಗೊಂದು ಸಿನಿಮಾ ಅಂತ ಯಾಕೆ ಶುರು ಮಾಡಬಾರದು? ಒಂದು ಪ್ರೊಜೆಕ್ಟರ್, ಒಂದು ಬಿಳಿ ಪಂಚೆ.

ತಟ್ಟೆಇಡ್ಲಿ:
ನಾನು ರೆಡಿ. ಸಿನಿಮಾ ಆದ ಮೇಲೆ ಕ್ಯಾತ್ಸಂದ್ರಕ್ಕೆ ಹೋಗೋಣ.

ಶಿರಾಗೇಟ್:
ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಈಗ ಮೊದಲಿನ ಹಾಗಿಲ್ಲ.

ಕತ್ತರಿ:
ಯಾರದು ಅದು? ಹೆದ್ದಾರಿ ಪಕ್ಕ ಬೋರ್ಡ್ ನೋಡಿ ತಿಂದರೆ ಹಾಗೇ ಆಗುವುದು. ಊರೊಳಗೆ ಬನ್ನಿ, ತೋರಿಸುತ್ತೇನೆ.

(ಇಡ್ಲಿ ಬಗ್ಗೆ ಮೂವತ್ತೊಂದು ಉತ್ತರಗಳನ್ನ ಬೇರೆ ಚರ್ಚೆಗೆ ಸಾಗಿಸಲಾಗಿದೆ. – ನಿರ್ವಾಹಕ)

ಕೊನೆಬೆಂಚು:
ನಾಲ್ಕು ದಿನ ಆಯಿತು, ಕ್ಷಮಿಸಿ. ಊರಿಗೆ ಹೋಗಿದ್ದೆ, ತುರುವೇಕೆರೆ ಹತ್ತಿರ.

ಟೀಚರಮ್ಮ ಹೇಳಿದ ಹಾಗೆ ಆ ಸೀನ್ ಐದು ಸಲ ನೋಡಿದೆ. ಅಳು ಬಂದಿದ್ದು ಟೇಪ್ ಹಾಕಿದಾಗ ಅಲ್ಲ. ಅದಕ್ಕೆ ಮುಂಚೆ, ಅವನು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾನಲ್ಲ, ಅಲ್ಲಿ. ರೂಮಿನಲ್ಲಿ ಏನೂ ಕೇಳುವುದಿಲ್ಲ. ಹಿಂದಿನ ಸೀನುಗಳಲ್ಲೆಲ್ಲ ಅವನ ಹಳೇ ರೂಮಿನ ಗಲಾಟೆ ನಮ್ಮ ಕಿವಿಗೂ ತುಂಬಿಸಿರುತ್ತಾರೆ. ನಮಗೆ ಗೊತ್ತಿಲ್ಲದೆಯೇ ಅದು ನಮಗೂ ಅಭ್ಯಾಸ ಆಗಿರುತ್ತದೆ. ಇಲ್ಲಿ ಅದನ್ನ ತೆಗೆದು ಬಿಡುತ್ತಾರೆ. ಅವನಿಗೆ ಏನು ಕಡಿಮೆ ಅನ್ನಿಸುತ್ತದೋ ನಮಗೂ ಅದೇ ಕಡಿಮೆ ಅನ್ನಿಸುತ್ತದೆ. ಇದನ್ನೇ ಎರಡು ಪುಟ ಬರೆದೆ.

ನನಗೆ ಯಾಕೆ ಅಳು ಬಂತು ಅನ್ನುವುದೂ ಗೊತ್ತಾಯಿತು. ಬಟವಾಡಿಯಲ್ಲಿ ನನ್ನ ರೂಮು ಹೆದ್ದಾರಿಗೆ ಅಂಟಿಕೊಂಡಿದೆ. ರಾತ್ರಿಯಿಡೀ ಲಾರಿ ಗೇರ್ ಬದಲಾಯಿಸುವ ಸದ್ದು. ಮೊದಲ ವರ್ಷ ನಿದ್ದೆ ಇಲ್ಲದೆ ಸತ್ತೆ. ಈಗ ಊರಿಗೆ ಹೋದರೆ ತೋಟದ ಮನೆ, ಒಂದು ಸದ್ದಿಲ್ಲ, ಯಾವಾಗಲೋ ಒಂದು ತೆಂಗಿನ ಗರಿ ಬೀಳುತ್ತದೆ ಅಷ್ಟೇ. ಯುಗಾದಿಗೆ ಹೋದಾಗ ಮೂರು ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಹಾಸಿಗೆ ಬದಲಾಯಿಸಿದರು, ದಿಂಬು ಬದಲಾಯಿಸಿದರು. ನನ್ನ ಮನೆಯಲ್ಲೇ ನನಗೆ ನಿದ್ದೆ ಬರುತ್ತಿಲ್ಲ ಅಂತ ಹೇಗೆ ಹೇಳುವುದು?

ಇದನ್ನ ಕೊನೇ ಪ್ಯಾರಾದಲ್ಲಿ ನಾಲ್ಕು ಸಾಲು ಬರೆದು ಕೊಟ್ಟೆ. "ಅತ್ತೆ" ಅನ್ನುವ ಪದ ಬಳಸಲಿಲ್ಲ. ಮಾರ್ಕ್ಸ್ ಇನ್ನೂ ಬಂದಿಲ್ಲ.

ರೀಲುಡಬ್ಬ:
ಟಾಕೀಸು ಮುಚ್ಚಿದ ಮೇಲೆ ನನಗೂ ಆರು ತಿಂಗಳು ನಿದ್ದೆ ಇರಲಿಲ್ಲ ಮಗಾ. ಮಷೀನಿನ ಕಟಕಟ ಬೇಕು ಅನ್ನಿಸುತ್ತಿತ್ತು. ನಮ್ಮವಳು ಹಳೇ ಹೊಲಿಗೆ ಮಷೀನು ತುಳಿಯುವ ತನಕ ಅದು ಹೋಗಲಿಲ್ಲ.

ಸೈನೈಡ್‌ದಿಬ್ಬ:
ಗಣಿ ಸೈರನ್ ನಿಂತ ಮೇಲೆ ನಮ್ಮ ತಾತನಿಗೂ ಇದೇ ಆಯಿತು. ಊಟದ ಹೊತ್ತೇ ತಿಳಿಯುತ್ತಿರಲಿಲ್ಲ.

ಮಧುಗಿರಿಬೆಟ್ಟ:
ಸರಿ ತಮ್ಮಾ, ಈ ಸೀನ್ ನಾನು ಇವತ್ತು ರಾತ್ರಿ ನೋಡುತ್ತೇನೆ. ಆ ಸದ್ದು ಇಲ್ಲದ ಜಾಗ ಬಂದಾಗ ಗಮನ ಇಡುತ್ತೇನೆ. ಇದನ್ನ ತಂತ್ರ ಅಂತ ಕರೆಯಬೇಡಿ ಅಷ್ಟೇ.

ಕತ್ತರಿ:
ಹಾಗಾದರೆ ಈ ಸಲ ಊರಲ್ಲಿ ಹೇಗೆ ಮಲಗಿದೆ?

ಕೊನೆಬೆಂಚು:
ಅದೇ ಹೇಳುವುದು ಮರೆತೆ. ಹೋಗುವ ಮುಂಚೆ ಕಿಟಕಿಯಲ್ಲಿ ಮೊಬೈಲ್ ಇಟ್ಟು ಒಂದು ಗಂಟೆ ಲಾರಿ ಸದ್ದು ರೆಕಾರ್ಡ್ ಮಾಡಿಕೊಂಡಿದ್ದೆ. ಊರಲ್ಲಿ ರಾತ್ರಿ ಬ್ಲೂಟೂತ್ ಸ್ಪೀಕರ್‌ಗೆ ಹಾಕಿದೆ. ಹತ್ತೇ ನಿಮಿಷಕ್ಕೆ ನಿದ್ದೆ ಬಂತು. ಅಮ್ಮ ಎದ್ದು ಟಾರ್ಚ್ ಹಿಡಿದು, "ಯಾವನೋ ತೋಟಕ್ಕೆ ಲಾರಿ ನುಗ್ಗಿಸಿದಾನೆ, ಕಾಯಿ ಕದಿಯೋಕೆ ಬಂದಿದಾರೆ" ಅಂತ ಪಕ್ಕದ ತೋಟದ ದೊಡ್ಡಪ್ಪನವರನ್ನೂ ಎಬ್ಬಿಸಿಕೊಂಡು ಹಿತ್ತಲೆಲ್ಲ ಹುಡುಕಿದರಂತೆ. ನಾನು ಗೊರಕೆ ಹೊಡೆಯುತ್ತಿದ್ದೆ.

ಹಿಪ್ಪುನೇರಳೆ:
ದೊಡ್ಡಪ್ಪ ಏನಂದರು?

ಕೊನೆಬೆಂಚು:
ಸದ್ದು ಕೇಳಿ, ಹತ್ತು ಚಕ್ರದ್ದು, ಲೋಡ್ ಇದೆ ಅಂದರಂತೆ. ಅವರು ಮೊದಲು ಲಾರಿ ಡ್ರೈವರ್.